ಎಣ್ಣೆ ನಮ್ಮದು, ಅಮಲು ಯಾರದು?

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಅಳುಬುರುಕಿ ಎಂದೇ ಕರೆಯುತ್ತಿದ್ದರು. ಹಾಗಂತ ಅವಳೇನೂ ಮಾತುಮಾತಿಗೆ ಕಣ್ಣೀರು ಹಾಕುವ ಪೈಕಿಯವಳಲ್ಲ. ಪರಭಾಷೆಯ ಸಿನಿಮಾಗಳಿಗೆ ಕನ್ನಡದ ದನಿ ಕೊಡುವ ಆ ಕೋಣೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಬರೀ ಅಳು. ಹೆಣದ ಮುಂದೆ ಗೋಳಾಡುವವಳು, ಮನೆಗೆ ಬೆಂಕಿ ಬಿದ್ದಾಗ ಕಿರುಚುವವಳು, ತೊಟ್ಟಿಲ ಕೂಸು, ಗುಂಪಿನಲ್ಲಿ 'ಅಯ್ಯಯ್ಯೋ' ಎನ್ನುವವಳು, ಎಲ್ಲ ಅವಳೇ. ಮಗಳು ಮದುವೆಯ ವಯಸ್ಸಿಗೆ ಬಂದರೂ ಇವಳ ಬಾಯಿಗೆ ನೆಟ್ಟಗೆ ಒಂದು ಮಾತು ದಕ್ಕಿರಲಿಲ್ಲ. "ನಮ್ಮ ಸೊಸೆ ಅತ್ತು ದುಡೀತಾಳೆ. ನಾವೆಲ್ಲ ಬಿಟ್ಟಿ ಅತ್ತು ಅತ್ತು ಮುದುಕರಾದ್ವಿ" ಎಂದು ಅತ್ತೆ ನೆರೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಕೊನೆಗೂ ಅದೃಷ್ಟ ಖುಲಾಯಿಸಿತು. ಬಂದದ್ದು ರಾಜಕೀಯದ ಸಿನಿಮಾ. ನೆಲದಡಿ ಎಣ್ಣೆ ತುಂಬಿದ ಪುಟ್ಟ ದೇಶ, ಅಲ್ಲೊಬ್ಬ ವಿಧವೆ ಮಂತ್ರಿ. "ನಿಮ್ಮನ್ನು ಕಾಪಾಡೋಕೆ ಬಂದಿದ್ದೀವಿ" ಎನ್ನುತ್ತ ಅಮೆರಿಕದ ರಾಯಭಾರಿ ಸೈನ್ಯ ಸಮೇತ ಬಂದಿಳಿಯುತ್ತಾನೆ. ಬಾಯಲ್ಲಿ ಶಾಂತಿ, ಕಣ್ಣು ಎಣ್ಣೆಬಾವಿಯ ಮೇಲೆ. ಮಂತ್ರಿಗೆ ದನಿ ಕೊಡಬೇಕಾದವಳ ಗಂಟಲು ಕೆಟ್ಟದ್ದರಿಂದ ಮಾಲೀಕರು ಬೇರೆ ದಾರಿಯಿಲ್ಲದೆ ಅಳುಬುರುಕಿಯನ್ನೇ ಮೈಕಿನ ಮುಂದೆ ನಿಲ್ಲಿಸಿದರು.

ಮಾತು ಬರೆಯುವ ಮೇಷ್ಟ್ರು 'ಈ ತೈಲ ನಮ್ಮದು' ಎಂದು ಬರೆದಿದ್ದರು. ಇವಳು ತಕರಾರು ತೆಗೆದಳು.

"ಮೇಷ್ಟ್ರೇ, ತೈಲ ಅಂದ್ರೆ ಮಂಡಿನೋವಿಗೆ ಹಚ್ಚೋದು. ಇವಳು ಬಾವಿ ಪಕ್ಕ ಹುಟ್ಟಿ ಬೆಳೆದವಳು. ಬಾಯ್ತುಂಬ ಎಣ್ಣೆ ಅಂತಾಳೆ."

ನಟಿಯ ತುಟಿಗೂ ಅದೇ ಸರಿಯಾಗಿ ಕೂತದ್ದರಿಂದ ಮೇಷ್ಟ್ರಿಗೂ ಹಿಡಿಸಿತು. ಎಣ್ಣೆ ಎಂದರೆ ಇನ್ನೇನೋ ಕೂಡ ಆಗುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ. ಕುಡಿಯುವ ಅಭ್ಯಾಸ ಇಬ್ಬರಿಗೂ ಇರಲಿಲ್ಲವಲ್ಲ!

ಪ್ರಯೋಗಕ್ಕೆಂದು ಕೆಲವರನ್ನು ಕರೆದು ಸಿನಿಮಾ ತೋರಿಸಿದರು. ಮಂತ್ರಿ ತಲೆಯೆತ್ತಿ "ಈ ಎಣ್ಣೆ ನಮ್ಮದು!" ಎಂದಳು. ಹಿಂದಿನ ಸಾಲಿನಿಂದ ಒಬ್ಬ, "ಅಕ್ಕಾ, ನಮಗೂ ಒಂದು ಕ್ವಾರ್ಟರ್!" ಎಂದು ಕೂಗಿದ. ಕೊಠಡಿಗೆ ಕೊಠಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಲೀಕರ ಮುಖ ಹುಳ್ಳಗಾಯಿತು.

"ನಾಳೆ ಸರಿ ಮಾಡಿ. ಆಗ್ಲಿಲ್ವೋ, ಬೇರೆ ದನಿ ಹುಡುಕ್ತೀನಿ. ನಿಮಗೆ ಅಳೋದೇ ಸರಿ."

ಮತ್ತೆ ತೈಲಕ್ಕೆ ಮರಳಿದರೆ ನಟಿಯ ತುಟಿಗೆ ಆ ಮಾತು ಕೂರುತ್ತಿರಲಿಲ್ಲ. ಇಂಧನ, ಪೆಟ್ರೋಲು, ಯಾವುದೂ ಕೂರಲಿಲ್ಲ.

ಮನೆಗೆ ಬಂದವಳು ಬಟ್ಟೆ ಮಡಿಸುತ್ತಿದ್ದ ಅತ್ತೆಯ ಪಕ್ಕ ಕುಸಿದು ಕೂತು ನಡೆದದ್ದೆಲ್ಲ ಹೇಳಿ, ದುಡ್ಡಿಲ್ಲದ ಅಳು ಅತ್ತಳು. ಅತ್ತೆ ಸಮಾಧಾನ ಹೇಳುವುದು ಬಿಟ್ಟು ಕೆಮ್ಮು ಬರುವಷ್ಟು ನಕ್ಕಳು.

"ಅಲ್ವೇ ಹುಚ್ಚಿ, ಎಣ್ಣೆ ಅವಳದೇ ಸರಿ. ಅಮಲು ಏರಿರೋದು ಆ ಬಂದವನಿಗಲ್ವೇನೇ?"

ಸೊಸೆಯ ಅಳು ಗಕ್ಕನೆ ನಿಂತಿತು.

ಬೆನ್ನು ತಿರುಗಿದರೆ ಮಾತು ನಮ್ಮದು ಎಂಬುದು ದನಿ ಕೊಡುವವರ ಗಾದೆ. ತುಟಿ ಕಾಣದ ಕಡೆ ಏನು ಬೇಕಾದರೂ ಸೇರಿಸಬಹುದು. ಆ ದೃಶ್ಯದಲ್ಲಿ ಮಂತ್ರಿ ತನ್ನ ಮಾತು ಮುಗಿಸಿ, ನಗುತ್ತಿರುವ ರಾಯಭಾರಿಗೆ ಬೆನ್ನು ತಿರುಗಿಸಿ, ಸುಮ್ಮನೆ ಕಿಟಕಿಯತ್ತ ನಡೆಯುತ್ತಾಳೆ. ಮರುದಿನ ಆ ಜಾಗದಲ್ಲಿ ಅಳುಬುರುಕಿ ಅತ್ತೆಯ ಮಾತನ್ನು ಕೂರಿಸಿದಳು. ಮೇಷ್ಟ್ರು ಒಂದಕ್ಷರ ತಿದ್ದಲಿಲ್ಲ. ಮಾಲೀಕರು ಮಾತ್ರ, "ಜನ ಏನಂತಾರೋ ನೋಡೋಣ" ಎಂದರು.

ಬಿಡುಗಡೆಯ ದಿನ ಅತ್ತೆ ಸೊಸೆ ಜೊತೆಯಲ್ಲೇ ಕೂತರು. "ಈ ಎಣ್ಣೆ ನಮ್ಮದು!" ಎಂದ ಕೂಡಲೇ ಮತ್ತೆ ಅದೇ ನಗು, ಅದೇ ಸಿಳ್ಳೆ. ಸೊಸೆ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ತೆರೆಯ ಮೇಲೆ ಮಂತ್ರಿ ಬೆನ್ನು ತಿರುಗಿಸಿದಳು.

"ನಗಿ ರಾಯಭಾರಿಗಳೇ, ನಗಿ. ಎಣ್ಣೆ ನಮ್ಮದು. ಅಮಲು ಏರಿರೋದು ನಿಮಗೆ."

ನಗು ಕತ್ತರಿಸಿದ ಹಾಗೆ ನಿಂತುಹೋಯಿತು. ಆಮೇಲೆ ಎದ್ದ ಚಪ್ಪಾಳೆಯಲ್ಲಿ ಮುಂದಿನ ಎರಡು ಮಾತು ಯಾರಿಗೂ ಕೇಳಿಸಲಿಲ್ಲ.

ಮುಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಯಾರದ್ದೇ ಈ ದನಿ?" ಎಂದಳು.

ಅತ್ತೆ ಮುಂದಕ್ಕೆ ಬಾಗಿ ಅವಳ ಭುಜ ತಟ್ಟಿದಳು.

"ದನಿ ನಮ್ಮ ಸೊಸೇದು ಕಣಮ್ಮ. ಮಾತು ನಂದು."