ಕುರುಡುಮಲೆಯ ಕಾದ ಕಲ್ಲು, ಭಾವನ ಕಾಲು

ಮಾಲೂರಿನಲ್ಲಿ ಬಸ್ಸು ಹತ್ತಿದಾಗ ಇನ್ನೂ ಬಿಸಿಲೇರಿರಲಿಲ್ಲ. ಕೋಲಾರದಲ್ಲಿ ಇಳಿದು ಇಡ್ಲಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಯಲ್ದೂರು ತಲುಪುವಷ್ಟರಲ್ಲಿ ಅಂಗಿ ಬೆನ್ನಿಗಂಟಿತ್ತು. ದಾರಿಯ ಎರಡೂ ಬದಿಯ ಮಾವಿನ ತೋಪುಗಳಲ್ಲಿ ಕಾಯಿಯ ಭಾರಕ್ಕೆ ಕೊಂಬೆಗಳು ನೆಲ ಮುಟ್ಟುತ್ತಿದ್ದವು.

ಯಲ್ದೂರಿನಲ್ಲಿ ನನ್ನ ಅಕ್ಕ ಸರೋಜಮ್ಮ ಮತ್ತು ಭಾವ ವೆಂಕಟರಾಮಪ್ಪ ಇದ್ದಾರೆ. ತೋಪಿನ ಮೊದಲ ಹಣ್ಣನ್ನು ಕುರುಡುಮಲೆ ಗಣಪನಿಗೆ, ಅದೂ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಒಪ್ಪಿಸುವುದು ಭಾವನ ಮನೆಯ ಹರಕೆ. ಜೊತೆಗೆ ಬಾ ಎಂದು ಅಕ್ಕ ಫೋನು ಮಾಡಿದ್ದಳು. ಕರೆದದ್ದು ನನ್ನ ಭಕ್ತಿಯನ್ನು ಮೆಚ್ಚಿ ಅಲ್ಲ, ಭಾವನನ್ನು ಹಿಡಿದು ನಿಲ್ಲಿಸಲು.

ಕಳೆದ ವರ್ಷವೂ ನಾನು ಹೋಗಿದ್ದೆ. ನಡುಮಧ್ಯಾಹ್ನ ದೇವಸ್ಥಾನದ ಅಂಗಳದ ಚಪ್ಪಡಿಗಳ ಮೇಲೆ ನಾವೆಲ್ಲ ಕುಣಿದಾಡುತ್ತಿದ್ದರೆ, ಭಾವ ಮದುವೆಮನೆಯ ಯಜಮಾನರಂತೆ ನಿಧಾನವಾಗಿ ನಡೆದಿದ್ದರು. "ಗಣಪನ ದಯೆ ಕಣಪ್ಪ, ನಂಗೆ ಸುಡೋದೇ ಇಲ್ಲ" ಎಂದಿದ್ದರು. ನಾವೂ ಹೌದೆಂದು ಕೈಮುಗಿದಿದ್ದೆವು. ನಿಜ ಬೇರೆ ಇತ್ತು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಬಿಸಿ, ನೋವು ತಿಳಿಯುವ ಶಕ್ತಿಯೇ ಹೋಗಿತ್ತು. ಅಂಗಾಲಲ್ಲಿ ಎದ್ದ ಬೊಬ್ಬೆ ಒಡೆದು ಹುಣ್ಣಾಯಿತು, ಕೀವು ತುಂಬಿತು, ಕೊನೆಗೆ ಎಡಗಾಲಿನ ಕಿರುಬೆರಳನ್ನೇ ತೆಗೆದರು. ಇನ್ನೊಂದು ಹುಣ್ಣಾದರೆ ಪಾದ ಉಳಿಸುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದಾರೆ.

ಅಂದು ಸಂಜೆ ಅಕ್ಕನ ಕೆಲಸ ನೋಡುತ್ತ ಕೂತೆ. ಬೆಚ್ಚನೆಯ ನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ನೋಡಿದಳು. ಭಾವನ ಪಾದಗಳನ್ನು ತೊಳೆದು, ಬೆರಳ ಸಂದಿಗಳನ್ನು ತೇವ ಉಳಿಯದಂತೆ ಒರೆಸಿದಳು. ಆಮೇಲೆ ಒಂದು ಪುಟ್ಟ ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು, "ನೀವೂ ಒಂದ್ಸಲ ನೋಡಿ, ನಾನಿಲ್ದಿದ್ದಾಗ ನೀವೇ ನೋಡ್ಕೋಬೇಕಲ್ಲ" ಎಂದಳು. ಭಾವ ಮುಖ ತಿರುಗಿಸಿಕೊಂಡರು. ಬೆರಳು ಹೋದ ಜಾಗವನ್ನು ಅವರು ಇದುವರೆಗೂ ನೋಡಿಲ್ಲವಂತೆ.

"ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ ಕಣೋ ಇವ್ರಿಗೆ. ಕಾಲಿಗೆ ಗೊತ್ತಾಗ್ದಿದ್ರೆ ಕಣ್ಣಾದ್ರೂ ನೋಡ್ಬೇಕಲ್ವಾ?" ಎಂದು ನನ್ನೊಡನೆ ಗೊಣಗಿದಳು.

"ಮನೇಲಿ ನೀನು ಹೇಳ್ದಂಗೆ ಚಪ್ಪಲಿ ಹಾಕ್ಕೊಂಡೇ ಓಡಾಡ್ತೀನಿ. ದೇವ್ರ ಮುಂದೆ ಮಾತ್ರ ಆಗಲ್ಲ" ಎಂದರು ಭಾವ. ಕೊನೆಗೆ ಒಂದು ಒಪ್ಪಂದವಾಯಿತು. ಕಲ್ಲು ಕಾಯುವ ಮೊದಲೇ ಹೋಗುವುದು, ಅಕ್ಕ ಮಡಿಯಲ್ಲಿ ಒಗೆದಿಟ್ಟ ದಪ್ಪ ಕಾಲುಚೀಲ ಹಾಕಿಕೊಂಡು ಸುತ್ತುವುದು.

ಬೆಳಿಗ್ಗೆ ಹೊರಡುವಾಗ ಅಕ್ಕ ಭಾವನ ಚಪ್ಪಲಿಗಳನ್ನು ಕೊಡವಿ, ಒಳಗೆಲ್ಲ ಕೈಯಾಡಿಸಿಯೇ ಹಾಕಿಕೊಳ್ಳಲು ಬಿಟ್ಟಳು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಅಕ್ಕ ಜಂಬದಿಂದ ಕಿಟಕಿ ಪಕ್ಕ ಕೂತಳು, ದುಡ್ಡು ಕೊಟ್ಟ ನಾನು ನಿಂತೆ. ಆದರೆ ಮುಳಬಾಗಿಲಿಗೆ ಇನ್ನೂ ಅರ್ಧ ದಾರಿ ಇರುವಾಗಲೇ ಟೈರು ಪಂಕ್ಚರಾಯಿತು. ಬೇರೆ ಬಸ್ಸು ಸಿಕ್ಕಿ, ಮುಳಬಾಗಿಲಿನಿಂದ ಆಟೋ ಹಿಡಿದು ಕುರುಡುಮಲೆ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ.

ಅಕ್ಕ ಬಗ್ಗಿ ಚಪ್ಪಡಿ ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡಳು. "ಬೇಡ. ಈ ಕಾವಿಗೆ ಕಾಲುಚೀಲ ಸಾಲಲ್ಲ."

"ಇಷ್ಟು ದೂರ ಬಂದು ಬೇಡ ಅಂದ್ರೆ? ಗಣಪ ನೋಡ್ಕೋತಾನೆ ಬಿಡೇ" ಎಂದು ಭಾವ ಚಪ್ಪಲಿ ಬಿಟ್ಟರು. ನಾನು ತೋಳು ಹಿಡಿದೆ. ಅವರು ಕೊಡವಿಕೊಂಡರು. ನಾನು ಬಂದದ್ದೇ ಈ ಕೆಲಸಕ್ಕೆ, ಅದೂ ಕೈಲಾಗಲಿಲ್ಲ.

ಅಷ್ಟರಲ್ಲಿ ಅಕ್ಕ ತನ್ನ ಚಪ್ಪಲಿ ಬಿಟ್ಟು ಹಣ್ಣಿನ ಬುಟ್ಟಿಯನ್ನು ಸೊಂಟಕ್ಕೇರಿಸಿದ್ದಳು. "ಹರಕೆ ಮನೇದಲ್ವಾ? ಆ ಮನೇಲಿ ನಾನೂ ಇದ್ದೀನಿ. ನೀವು ನೆರಳಲ್ಲಿ ಕೂತು ನೋಡಿ" ಎಂದು ಬಿಸಿಲಿಗಿಳಿದಳು. ಬುಟ್ಟಿಯೇ ಕೈತಪ್ಪಿದ ಭಾವ ನೆರಳಲ್ಲೇ ಉಳಿದರು.

ಮೊದಲು ಘನವಾಗಿಯೇ ನಡೆದಳು. ತಿರುವಿನಲ್ಲಿ ನಡಿಗೆ ಬಿರುಸಾಯಿತು. ಆಮೇಲೆ ತುದಿಗಾಲು, ಆಮೇಲೆ ಹಿಮ್ಮಡಿ, ಆಮೇಲೆ ಓಟ. ಬುಟ್ಟಿಯಿಂದ ಹಣ್ಣೊಂದು ಉರುಳಿತು, ನಿಂತು ಎತ್ತಿಕೊಳ್ಳಲಾಗಲಿಲ್ಲ. ಮೊದಲು ನಕ್ಕ ಭಾವ ನನ್ನತ್ತ ತಿರುಗಿದರು.

"ಅಷ್ಟು ಸುಡ್ತೈತಾ?" ಎಂದು ನನ್ನನ್ನು ಕೇಳಿದರು.

"ಹೋದ ವರ್ಷಾನೂ ಹಿಂಗೇ ಸುಡ್ತಿತ್ತು ಭಾವ."

ಅವರು ತಮ್ಮ ಕಾಲುಗಳತ್ತ ನೋಡಿದರು. ಮನಸ್ಸು ಕಲಕಿದಾಗ ಭಾವನ ಬಾಯಿಗೆ ತೆಲುಗು ಬರುತ್ತದೆ. "ಚಾಲು, ಇಂಕ ಚಾಲು! ಸಾಕು ಬಾರೇ!" ಎಂದು ಕೂಗಿದರು. ಅಕ್ಕ ಸುತ್ತು ಮುಗಿಸಿ, ಹಣ್ಣು ಒಪ್ಪಿಸಿಯೇ ಬಂದಳು. ಅವಳ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ನೆರಳಿನಲ್ಲಿ ಕೂತ ಅಕ್ಕನ ಕೆಂಪೇರಿದ ಪಾದಗಳನ್ನು ಭಾವ ತೊಡೆಯ ಮೇಲೆಳೆದುಕೊಂಡು ಬಾಟಲಿಯ ನೀರು ಸುರಿದರು. ಹೆಗಲ ಟವಲಿನಿಂದ ಬೆರಳ ಸಂದಿಗಳನ್ನು ಒರೆಸಿದರು, ಥೇಟ್ ಅವಳು ಒರೆಸುವ ಹಾಗೆಯೇ.

"ಬಿಡೀ, ಜನ ನೋಡ್ತಾರೆ."

"ನೋಡ್ಲಿ ಬಿಡೇ" ಎಂದ ಭಾವ ಅವಳ ಚೀಲದಲ್ಲಿ ಕೈಯಾಡಿಸಿ ಕನ್ನಡಿ ತೆಗೆದರು. ತಮ್ಮ ಎಡಗಾಲನ್ನು ಮಂಡಿಯ ಮೇಲಿಟ್ಟು ಕನ್ನಡಿ ಹಿಡಿದು, ಬೆರಳಿಲ್ಲದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಇಲ್ಲಿ ಕೆಂಪಗೈತಲ್ಲೇ, ಇದು ನೆನ್ನೆ ಇತ್ತಾ?"

ಇರಲಿಲ್ಲ. ವಾಪಸಾಗುವಾಗ ಮುಳಬಾಗಿಲಿನಲ್ಲೇ ಡಾಕ್ಟರಿಗೆ ತೋರಿಸಿದೆವು. ಚಪ್ಪಲಿಯ ಪಟ್ಟಿ ಉಜ್ಜಿದ ಗುರುತು, ಚರ್ಮ ಒಡೆದಿಲ್ಲ, ಒಡೆಯುವ ಮೊದಲೇ ಬಂದದ್ದು ಒಳ್ಳೆಯದಾಯಿತು, ಆ ಚಪ್ಪಲಿ ಬದಲಾಯಿಸಿ ಎಂದರು. ಶ್ರೀನಿವಾಸಪುರದ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಕನ್ನಡಿ ಅವಳ ಚೀಲಕ್ಕೆ ಮರಳಿರಲಿಲ್ಲ, ಭಾವನ ಅಂಗಿಯ ಜೇಬಿನಲ್ಲಿತ್ತು.