ಕೆಳಗಿನ ಮಿತಿ

ಕಾಕಾರ ಬೆಲ್ಟಿಗೆ ಎಂಟು ತೂತುಗಳಿದ್ದವು. ಐದು ಅಂಗಡಿಯಿಂದಲೇ ಬಂದವು. ಉಳಿದ ಮೂರನ್ನು ಅವರೇ ಗ್ಯಾಸ್ ಒಲೆಯ ಮೇಲೆ ಮೊಳೆ ಕಾಯಿಸಿ, ಸ್ಕೇಲಿಟ್ಟು ಗುರುತು ಮಾಡಿ, ಸರಿಯಾಗಿ ಒಂದೊಂದು ಇಂಚು ಬಿಟ್ಟು ಕೊರೆದಿದ್ದರು. ಕೊನೆಕೊನೆಗೆ ಬೆಲ್ಟಿನ ತುದಿ ಸೊಂಟ ಬಳಸಿ ಬೆನ್ನಿನ ಕಡೆಗೆ ಹೋಗುತ್ತಿತ್ತು. ಅದನ್ನು ನಾನು ಪ್ರತಿ ಭಾನುವಾರ ಬೆಳಿಗ್ಗೆ ನೋಡುತ್ತಿದ್ದೆ, ನೋಡಿ ಮೆಚ್ಚಿಕೊಳ್ಳುತ್ತಿದ್ದೆ.

ಅವರು ಅಪ್ಪನ ಗೆಳೆಯರು. ಇಬ್ಬರೂ ಬಾಗಲಕೋಟೆ ಕಡೆಯಿಂದ ಬಂದು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆ ಸೇರಿದವರು. ಕುಷಾಯಿಗೂಡದಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಅಪ್ಪ ಸ್ಟೋರ್ಸ್‌ನಲ್ಲಿದ್ದರು, ಕಾಕಾ ಇನ್‌ಸ್ಪೆಕ್ಷನ್‌ನಲ್ಲಿ. ತಯಾರಾದ ಬಿಡಿಭಾಗಗಳನ್ನು ಅಳೆದು, ಪಾಸಾದದ್ದಕ್ಕೆ ಹಸಿರು ಚೀಟಿ, ಆಗದ್ದಕ್ಕೆ ಕೆಂಪು ಚೀಟಿ ಕಟ್ಟುವುದು ಅವರ ಕೆಲಸ. ಮೂವತ್ತೆರಡು ವರ್ಷ ಅದನ್ನೇ ಮಾಡಿ ಅವರ ಸ್ವಭಾವವೇ ಹಾಗಾಗಿತ್ತು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲಿನದನ್ನು ಬೆರಳಿನಿಂದ ಸವರಿ ಮಟ್ಟಮಾಡಿ ಹಾಕುತ್ತಿದ್ದರು.

ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಐವತ್ತೆರಡಕ್ಕೆ ಹೋದರು. ಮೊದಲು ಕಾಲಿನ ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ ತೆಗೆದರು, ಆಮೇಲೆ ತೆಗೆಯಲು ಏನೂ ಉಳಿಯಲಿಲ್ಲ. ನನಗಾಗ ಮೂವತ್ತೊಂದು. ಊರಿನ ಇನ್ನೊಂದು ತುದಿಗೆ, ಕೂಕಟ್‌ಪಲ್ಲಿಯ ಆಚೆ, ಆಫೀಸಿನ ಕ್ಯಾಬ್‌ನಲ್ಲಿ ಹೋಗಿಬರುತ್ತಿದ್ದೆ. ಸಾಫ್ಟ್‌ವೇರ್ ಕಂಪನಿಗಳು ನಾ ಮುಂದು ತಾ ಮುಂದು ಎಂದು ಬರುತ್ತಿದ್ದ ಕಾಲ. ಕ್ಯಾಂಟೀನಿನಲ್ಲಿ ಎಲ್ಲವೂ ಪುಕ್ಕಟೆ, ಶುಕ್ರವಾರ ಬಿರಿಯಾನಿ. ಅಪ್ಪ ಹೋದಮೇಲೆ ನನಗೆ ಏನೂ ಅನ್ನಿಸುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಎದುರಿಗಿಟ್ಟದ್ದನ್ನು ತಿನ್ನುತ್ತಿದ್ದೆ. ಕಂಪನಿಯ ತಪಾಸಣೆಯಲ್ಲಿ ಡಾಕ್ಟರು ನನ್ನ ರಿಪೋರ್ಟ್ ನೋಡಿ, ನೀವೂ ಅಪ್ಪನ ದಾರಿಯಲ್ಲೇ ಇದ್ದೀರಿ ಅಂದರು. ಅದನ್ನು ಅವ್ವನಿಗೆ ಹೇಳಿದೆ, ಅವ್ವ ಕಾಕಾರಿಗೆ ಹೇಳಿದಳು.

ಮುಂದಿನ ಭಾನುವಾರ ಕಾಕಾ ತೂಕದ ಯಂತ್ರ ಹೊತ್ತು ಬಂದರು. ಅವರ ಬಾಯಲ್ಲಿ ಅದು ಕಾಟಾ. ಇನ್ನೊಂದು ಕೈಯಲ್ಲಿ ಐದು ಕಿಲೋದ ಕಬ್ಬಿಣದ ತೂಕದ ಕಲ್ಲು.

"ಎಷ್ಟೈತಿ ನಿನ್ನ ತೂಕ?"

"ಎಂಬತ್ತೈದರ ಆಸುಪಾಸು ಕಾಕಾ."

"ಆಸುಪಾಸು ಅನ್ನೂ ಊರು ಎಲ್ಲೈತೋ ತಮ್ಮಾ? ಏರು ಇದರ ಮ್ಯಾಲ."

ಏರುವ ಮೊದಲು ಕಲ್ಲನ್ನಿಟ್ಟು ನೋಡಿದರು. ಸರಿಯಾಗಿ ಐದು ತೋರಿಸಿತು. "ಮೊದಲ ಕಾಟಾ ಖರೇ ಹೇಳತೈತೋ ಇಲ್ಲೋ ನೋಡಬೇಕು. ಮನಶ್ಯಾನ್ನ ಆಮ್ಯಾಲ ನೋಡೂದು," ಎಂದರು. ನಾನು ಹತ್ತಿದೆ. ಅವರು ಕನ್ನಡಕ ಹಣೆಗೇರಿಸಿ, ಬಗ್ಗಿ ಓದಿದರು: ನೂರಾ ಒಂದು ಪಾಯಿಂಟ್ ನಾಲ್ಕು. ಓದುವುದು ಅವರು, ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೈಯಿಂದ, ಬರೆದದ್ದನ್ನು ತಿದ್ದುವಂತಿಲ್ಲ. ಇದು ಕಾರ್ಖಾನೆಯ ಕಾನೂನು. ನಾನು ನೂರಾ ಒಂದು ಎಂದು ಬರೆದೆ. ಕಾಕಾ ನೋಟ್‌ಬುಕ್ಕಿನಿಂದ ಕಣ್ಣು ತೆಗೆಯಲಿಲ್ಲ.

"ಪಾಯಿಂಟ್ ನಾಲ್ಕು ಯಾರಿಗೆ ಬಿಟ್ಟಿ?"

ತಿಂದದ್ದನ್ನೂ ಬರೆಯಬೇಕಿತ್ತು. ಮೊದಲ ವಾರ ಎಲ್ಲ ದಿನವೂ 'ಸ್ವಲ್ಪ ಅನ್ನ' ಎಂದು ಬರೆದಿದ್ದೆ. "ಸ್ವಲ್ಪ ಅನ್ನೂದು ಮಾಪಲ್ಲ," ಎಂದರು. ಅವ್ವನಿಗೆ ಎಂದಿನಂತೆ ಬಡಿಸಲು ಹೇಳಿ, ಆ ಅನ್ನವನ್ನು ಅಡುಗೆಮನೆಯ ಸಣ್ಣ ತಕ್ಕಡಿಗೆ ಸುರಿದರು. ನಾನ್ನೂರ ಮೂವತ್ತು ಗ್ರಾಂ. ಅವ್ವ ಮುಖ ತಿರುಗಿಸಿಕೊಂಡಳು, ಅಪ್ಪನಿಗೂ ಅಷ್ಟೇ ಬಡಿಸುತ್ತಿದ್ದಳು. ಕಾಕಾ ನನಗೆ ಯಾವುದನ್ನೂ ಬಿಡು ಅನ್ನಲಿಲ್ಲ. "ತಿನ್ನು, ಆದ್ರ ತೂಗಿ ತಿನ್ನು, ಬರದಿಡು," ಇಷ್ಟೇ. ಬಿರಿಯಾನಿಯನ್ನು ನಾಲ್ಕು ಶುಕ್ರವಾರ ಬರೆದ ಮೇಲೆ ಐದನೆಯದಕ್ಕೆ ಬರೆಯಲು ನಾಚಿಕೆಯಾಗಿ ಎರಡು ರೊಟ್ಟಿ ತಿಂದೆ.

ಆಫೀಸಿನಲ್ಲಿ ಹೆಜ್ಜೆ ಎಣಿಸುವ ಒಂದು ಪುಟ್ಟ ಯಂತ್ರವನ್ನು ಎಲ್ಲರಿಗೂ ಹಂಚಿದ್ದರು. ಕಾಕಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಲ್ಲಿ ಎಣಿಸುತ್ತ ನೂರು ಹೆಜ್ಜೆ ಹಾಕಿದರು. ಅದು ನೂರಾ ಎಂಟು ತೋರಿಸಿತು. "ನಿಮ್ಮ ಕಂಪನೀದಲ್ಲೇನು, ನಿಮ್ಮಂಗ ಉಬ್ಬಿಸಿ ಹೇಳತೈತಿ," ಎಂದು ನಕ್ಕರು. ಅಂದಿನಿಂದ ನೂರಾ ಎಂಟಕ್ಕೆ ಎಂಟು ಕಳೆದು ಬರೆಯುವುದೆಂದಾಯಿತು. ಬೆಳಿಗ್ಗೆ ಕಾಲನಿಯ ಸುತ್ತ ಇಬ್ಬರೂ ನಡೆಯುತ್ತಿದ್ದೆವು. ಅಳೆಯುವವನು ತಾನೂ ಅಳೆಸಿಕೊಳ್ಳಬೇಕೆಂದು ತಮ್ಮ ತೂಕವನ್ನೂ ಪಕ್ಕದಲ್ಲಿ ಬರೆಸಿದರು. ಆಗ ಅವರು ಅರವತ್ತೈದು ಕಿಲೋ.

ನೋಟ್‌ಬುಕ್ಕಿನಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸುವ ಬುದ್ಧಿ ನನ್ನದು. ಎಕ್ಸೆಲ್‌ನಲ್ಲಿ ಎರಡು ಖಾನೆ ಮಾಡಿದೆ, ಒಂದು ನನಗೆ, ಒಂದು ಕಾಕಾರಿಗೆ. ಹಿಂದಿನ ವಾರಕ್ಕಿಂತ ತೂಕ ಇಳಿದಿದ್ದರೆ ಹಸಿರು, ಏರಿದ್ದರೆ ಕೆಂಪು. ಅವರ ಚೀಟಿಗಳ ಬಣ್ಣವನ್ನೇ ಹಾಕಿದ್ದೆ. ಮನೆಗೆ ಕರೆದು ತೋರಿಸಿದಾಗ ಬಹಳ ಹೊತ್ತು ನೋಡಿದರು.

"ಕೆಳಗಿನ ಮಿತಿ ಎಲ್ಲೈತಿ?"

ಕಾರ್ಖಾನೆಯಲ್ಲಿ ಎರಡು ಮಿತಿ ಇರುತ್ತಿದ್ದವಂತೆ. ಕಬ್ಬಿಣದ ಸಲಾಕೆ ದಪ್ಪನಾದರೆ ತೂತಿನೊಳಗೆ ಹೋಗದು, ಸಣ್ಣಗಾದರೆ ಒಳಗೆ ಅಲ್ಲಾಡುತ್ತದೆ. ಎರಡಕ್ಕೂ ಕೆಂಪು ಚೀಟಿಯೇ.

"ನಮ್ಮಂಥವರಿಗೆ ಕೆಳಗಿನ ಮಿತಿ ಯಾಕ ಬೇಕು ಕಾಕಾ?" ಎಂದು ನನ್ನ ಹೊಟ್ಟೆ ತಟ್ಟಿಕೊಂಡೆ. ಅವರೂ ನಕ್ಕರು. ಮತ್ತೆ ಆ ಮಾತು ಎತ್ತಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವರ ತೂಕ ಒಂದೇ ತಿಂಗಳಲ್ಲಿ ಎರಡು ಕಿಲೋ ಇಳಿಯಿತು. "ಕಾಟಾ ಸುಳ್ಳು ಹೇಳಾಕತ್ತೈತಿ," ಎಂದು ಕಲ್ಲಿಟ್ಟು ನೋಡಿದರು. ಸರಿಯಾಗಿ ಐದು. ಮುಂದಿನ ತಿಂಗಳು ಇನ್ನೂ ಎರಡು ಇಳಿದವು. ಕಾಟಾವನ್ನು ಕಿರಾಣಿ ಅಂಗಡಿಗೆ ಒಯ್ದು, ಇಪ್ಪತ್ತೈದು ಕಿಲೋದ ಅಕ್ಕಿ ಚೀಲವಿಟ್ಟು ನೋಡಿದರು. ತಿರುಗಿ ಬಂದು, "ಕಾಟಾ ಸರಿ ಐತಿ," ಎಂದರು. ಅಷ್ಟೇ ಹೇಳಿದರು. ಕಾಟಾ ಸರಿಯಿದ್ದರೆ ಮುಂದೆ ನೋಡಬೇಕಾದದ್ದು ಮನುಷ್ಯನನ್ನು ಎಂದು ಕಲಿಸಿದವರು ಅವರು. ಆ ಮುಂದಿನದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕಾಕಾರ ಹೆಂಡತಿ, ಕಾಕು, ಮಾತ್ರ ಒಮ್ಮೆ ಬಾಗಿಲಲ್ಲಿ ನನ್ನನ್ನು ತಡೆದು, "ಒಂದ ರೊಟ್ಟಿಗೆ ಇಳಿದಾರಪಾ, ಅದೂ ಸೇರವಲ್ದು. ನೀನರ ಹೇಳು," ಎಂದರು.

"ಡಯಟ್ ಕಾಕು! ನನಕಿಂತ ಭಾಳ ಚಲೋ ಮಾಡಾಕತ್ತಾರ," ಎಂದೆ.

ಖರೆ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ನಾನು ಅನ್ನ ತೂಗಿ ತಿಂದು ವಾರಕ್ಕೆ ಮುನ್ನೂರು ಗ್ರಾಂ ಇಳಿದರೆ, ಇವರು ಏನೂ ಮಾಡದೆ ಅರ್ಧ ಕಿಲೋ ಇಳಿಯುತ್ತಿದ್ದರು. ಕೊನೆಯ ಭಾನುವಾರ ನಾನು ಎಂಬತ್ತೆರಡು, ಅವರು ಐವತ್ತೊಂದು ಪಾಯಿಂಟ್ ಎರಡು. ಕಾಟಾದಿಂದ ಇಳಿದು, ಗೋಡೆ ಹಿಡಿದು ನಿಂತು ಕೇಳಿದರು: "ಈ ವಾರ ನಂದು ಹಸಿರೇನು?"

"ಹಚ್ಚ ಹಸಿರು ಕಾಕಾ."

ತಲೆಯಾಡಿಸಿ ಬೆಲ್ಟು ಬಿಗಿದುಕೊಂಡರು.

ಆ ವಾರವೇ ನಡೆಯುವಾಗ ಬಿದ್ದರು. ಜಠರದಲ್ಲಿ ಗಂಟು, ಬಹಳ ದಿನದ್ದು, ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ಹದಿನೆಂಟು ದಿನ ಇದ್ದರು. ಮಣ್ಣು ಕೊಟ್ಟು ಬಂದು ಸ್ನಾನ ಮಾಡಿದೆ. ಭಾನುವಾರವಾದ್ದರಿಂದ ತೂಕ ನೋಡಿಕೊಂಡು ಬರೆದೆ. ಅಳು ಬರಲಿಲ್ಲ. ಇಂದಿಗೂ ಬಂದಿಲ್ಲ, ಬರಲಿ ಎಂದು ಕಾದದ್ದೂ ಉಂಟು. ತಿಂಗಳ ಮೇಲೆ ಕಾಕು ಕಬ್ಬಿಣದ ಕಲ್ಲನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋದರು.

ಕಳೆದ ವರ್ಷ ನನಗೆ ಐವತ್ತಮೂರಾಯಿತು. ಅಪ್ಪ ಕಾಣದ ವಯಸ್ಸು. ಸಕ್ಕರೆ ಇಲ್ಲ, ಎರಡೂ ಕಾಲು ಇವೆ, ತೂಕ ಎಪ್ಪತ್ತೆರಡು ಪಾಯಿಂಟ್ ಆರು. ಇದು ಕಾಕಾ ಕೊಟ್ಟ ವಯಸ್ಸು, ನನಗೆ ಬೇರೆ ಲೆಕ್ಕ ಗೊತ್ತಿಲ್ಲ. ಅವತ್ತು ಆ ಹಳೆಯ ಶೀಟನ್ನು ತೆರೆದೆ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಒಯ್ಯುತ್ತಿದ್ದೆ, ತೆರೆದಿರಲಿಲ್ಲ. ಕಾಕಾರ ಖಾನೆ ಆ ಬೇಸಿಗೆಯಿಂದ ಕೆಳಗಿನವರೆಗೆ ಹಸಿರಾಗಿಯೇ ಇತ್ತು. ಕೆಳಗಿನ ಮಿತಿ ಅರವತ್ತು ಎಂದು ಹಾಕಿದೆ. ಒಂದೇ ಸಾಲು ಬರೆಯಬೇಕಾದ ಕೆಲಸ, ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕೊನೆಯ ಹದಿನೇಳು ವಾರ ಒಮ್ಮೆಲೇ ಕೆಂಪಾದವು.

ಅಡುಗೆಮನೆಗೆ ಹೋಗಿ ನೂರೈವತ್ತು ಗ್ರಾಂ ಅನ್ನ ತೂಗಿ ಹಾಕಿಕೊಂಡೆ. ತಿಂದು, ಬರೆದಿಟ್ಟೆ.