ಮೊಗ್ಗು ತಳಕ್ಕಿಳಿಯುವಷ್ಟು ಹೊತ್ತು

ಇವರು ಬೊಮ್ಮಸಂದ್ರದ ಕಂಪನಿ ಬಸ್ಸು ಹಿಡಿಯಲು ಓಡಿದ ಮೇಲೆ, ಎಂದಿನಂತೆ ತಿಂಡಿ ತಟ್ಟೆಗಳನ್ನು ಸಿಂಕಿಗೆ ಹಾಕಿ, ರವೆ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ತಳ್ಳಿದೆ. ಹಿಂದೆ ಏನೋ ತಡೆಯಿತು. ತೆಗೆದರೆ ಒಣಗಿದ ಗುಲಾಬಿ ಮೊಗ್ಗುಗಳ ಗಾಜಿನ ಬಾಟಲಿ. ಎಷ್ಟು ಹಳೆಯದು ಅಂತ ಮಾತ್ರ ಕೇಳಬೇಡಿ. ಮುಚ್ಚಳ ತೆಗೆದಾಗ ವಾಸನೆ ಇನ್ನೂ ಇತ್ತು, ಮಡಿಸಿಟ್ಟ ಸೀರೆಯಲ್ಲಿ ಉಳಿದಿರುತ್ತದಲ್ಲ, ಅಷ್ಟು.

ಅದು ಲಿನ್ ಕೊಟ್ಟದ್ದು. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಗೆ ಬಂದಿದ್ದ ಚೀನಾದ ಹುಡುಗಿ. ಗಂಡನಿಗೆ ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸ.

ಆಗಷ್ಟೇ ನನ್ನ ಅಮ್ಮ ತೀರಿಕೊಂಡಿದ್ದಳು. ಹದಿಮೂರನೇ ದಿನದ ಕಾರ್ಯ ಮುಗಿಸಿ ಬಂದರೂ ನನಗೆ ಅಳು ಬಂದಿರಲಿಲ್ಲ. ಮನೆಯಲ್ಲಿದ್ದ ಹಿತ್ತಾಳೆಯನ್ನೆಲ್ಲ ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಕರ್ಚೀಫು ಮಡಿಸುವುದನ್ನು ಚೆನ್ನಾಗಿ ಕಲಿಸಿದ್ದರು. ಒದ್ದೆ ಮಾಡುವುದನ್ನು ಹೇಳಿಕೊಟ್ಟಿರಲಿಲ್ಲ.

ಲಿನ್ ಒಂದು ಕೈಯಲ್ಲಿ ಗಾಜಿನ ಹೂಜಿ, ಇನ್ನೊಂದರಲ್ಲಿ ಮೊಗ್ಗಿನ ಬಾಟಲಿ ಹಿಡಿದು ಬಾಗಿಲಿಗೆ ಬಂದಳು. ಹೇಳದೆ ಉಳಿದ ದುಃಖ, ಸಿಟ್ಟೆಲ್ಲ ಲಿವರಿನಲ್ಲಿ ಗಂಟು ಕಟ್ಟುತ್ತದೆ ಎಂಬುದು ಅವರ ವೈದ್ಯವಂತೆ. ಗುಲಾಬಿ ಅದನ್ನು ಸಡಿಲಿಸುತ್ತದಂತೆ. ಅವಳ ಅರೆಬರೆ ಇಂಗ್ಲಿಷ್, ಕೈಸನ್ನೆಗಳಿಂದ ನನಗೆ ತಿಳಿದದ್ದು ಇಷ್ಟು.

"ನೋ ಬಾಯ್ಲ್, ಆಂಟಿ. ಹಾಟ್ ವಾಟರ್, ಕವರ್, ವೆಯ್ಟ್. ಯು, ಮಿ, ಸಿಟ್."

"ಮಿಲ್ಕ್... ಸ್ಟೋವ್..." ಎಂದು ಅಡುಗೆಮನೆಯತ್ತ ಕೈ ತೋರಿಸಿ, ಬಾಟಲಿಯನ್ನು ಮಾತ್ರ ತೆಗೆದುಕೊಂಡೆ. ಒಲೆಯ ಮೇಲೆ ಏನೂ ಇರಲಿಲ್ಲ.

ಔಷಧಿ ಎಂದರೆ ನಮಗೆ ಕಷಾಯ. ಮೂರು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಹಿಡಿ ಮೊಗ್ಗಿಗೆ ಮೆಣಸು ಜಜ್ಜಿ, ಬೆಲ್ಲ ಹಾಕಿ ಕುದಿಸಿಯೇ ಕುದಿಸಿದೆ. ಬಾಯಿಗಿಡಲಾಗದ ಕಹಿ, ಸಿಂಕಿಗೆ ಸುರಿದೆ. ಮರುದಿನ ಲಿಫ್ಟಿನಲ್ಲಿ ಅವಳು "ಗುಡ್?" ಎಂದಳು. "ವೆರಿ ಗುಡ್" ಎಂದೆ. ಪಾಪ, ಖುಷಿಯಿಂದ ಇನ್ನೊಂದು ಬಾಟಲಿ ತಂದಳು, ಜೊತೆಗೆ ಅದೇ ಹೂಜಿ. ನನ್ನದೂ ಅದೇ ಹಾಲಿನ ನೆಪ. ಮೂರನೇ ಸಲದ ನಂತರ ಬರಲಿಲ್ಲ. ಆ ವರ್ಷವೇ ಅವರು ತಮ್ಮೂರಿಗೆ ಹೊರಟುಹೋದರು.

ಇವತ್ತು ಅವಳು ಹೇಳಿದ ಹಾಗೆಯೇ ಮಾಡಿದೆ. ಗಾಜಿನ ಲೋಟದ ಬಿಸಿನೀರಿಗೆ ಐದಾರು ಮೊಗ್ಗು ಹಾಕಿ, ತಟ್ಟೆ ಮುಚ್ಚಿ, ಎದುರು ಕೂತೆ. ಒಂದೊಂದೇ ಉಬ್ಬಿ, ಬಣ್ಣ ಬಿಟ್ಟು, ತಳಕ್ಕಿಳಿಯಿತು. ಐದು ನಿಮಿಷವೂ ಹಿಡಿಯಲಿಲ್ಲ. ಅವಳು ಕೇಳಿದ್ದು ಅಷ್ಟೇ.

ಸಂಜೆ ಕರಿಬೇವಿಗೆಂದು ಪಕ್ಕದ ಮನೆಯ ಜಯಮ್ಮ ಬಂದರು. ಈ ಅಪಾರ್ಟ್‌ಮೆಂಟ್ ಎದ್ದ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವರು. ಇಂಗ್ಲಿಷ್ ಒಂದಕ್ಷರ ಬಾರದು. ಬಾಟಲಿ ನೋಡಿ ಮುಖ ಅರಳಿಸಿದರು.

"ಅಯ್ಯೋ, ಆ ಚೀನಾ ಹುಡ್ಗೀದು! ನಮ್ಮನೇಲಿ ಇದೇ ಕುಡೀತಾ ಕೂತಿರ್ತಿದ್ವಲ್ಲ."

"ಏನು ಮಾತಾಡ್ತಿದ್ರಿ ಜಯಮ್ಮ?"

"ಮಾತೇನ್ ಬಂತು? ಒಂದಿನ ಒಟ್ಟೆ ಮ್ಯಾಲೆ ಕೈ ಇಟ್ಕೊಂಡು, ಇಲ್ಲ ಅಂತ ತಲೆ ಆಡ್ಸಿದ್ಲು. ಬಸ್ರು ನಿಲ್ಲಲಿಲ್ಲ ಅಂತ ತಿಳ್ಕೊಂಡೆ. ಇಬ್ರೂ ಚೆನ್ನಾಗಿ ಅತ್ವಿ."

ಕರಿಬೇವು ಸೆರಗಿಗೆ ಹಾಕಿಕೊಂಡು ಹೊರಟವರು ಹೊಸ್ತಿಲ ಹತ್ತಿರ ತಿರುಗಿದರು.

"ಮೊದ್ಲು ನಿಮ್ಮನೇಗೇ ಬತ್ತಿದ್ಲಲ್ವಾ? ನಿಮ್ಮ ಬಾಗ್ಲು ತೋರ್ಸಿ 'ಆಂಟಿ ಬಿಜಿ, ಆಂಟಿ ಬಿಜಿ' ಅಂತಿದ್ಲು. ಅದೊಂದು ಇಂಗ್ಲೀಸು ನಂಗೂ ಬಂದ್ಬುಡ್ತು ನೋಡಿ."